ಉಷಾ ಕೈಯಲ್ಲಿನ ಪಿಸ್ತೂಲು

ನಮ್ಮ ಮನೆಯಲ್ಲಿ ಸಿನಿಮಾ ನೋಡುವುದು ಅರ್ಧ ಕೆಲಸ. ಮಿಕ್ಕರ್ಧ ಬೆಳಗಿನ ಜಾವ ಪಂಪು ಹೊಡೆಯುವಾಗ. ಮದ್ರಾಸಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರ ಕಡೆಯವರಿಗಾಗಿ ಹೇಳುತ್ತೇನೆ. ನಾವಿದ್ದ ತ್ಯಾಗರಾಯನಗರದ ಮನೆಯಲ್ಲಿ ಕಾರ್ಪೊರೇಷನ್ ನೀರು ನಲ್ಲಿಯವರೆಗೆ ಏರುತ್ತಿರಲಿಲ್ಲ. ಅಂಗಳದ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಅಡಿಪಂಪು. ಜಾವದ ನಾಲ್ಕಕ್ಕೆ ಪೈಪಿನೊಳಗೆ ಗಾಳಿ ಸುಯ್ಯೆಂದರೆ ನೀರು ಬರುವ ಸೂಚನೆ. ಮೇಲಿನ ಬಾಯಿಗೆ ಒಂದು ಚೊಂಬು ನೀರು ಹೊಯ್ದು, ಹಿಡಿಯನ್ನು ಬಿಡದೆ ಹತ್ತಿಪ್ಪತ್ತು ಸಲ ಒತ್ತಿದರೆ ಒಳಗಿನ ಚರ್ಮದ ವಾಷರ್ ನೆನೆದು ಹಿಡಿತ ಸಿಗುತ್ತಿತ್ತು. ಆಮೇಲೆ ಮೊದಲು ಕೆಂಪು ನೀರು, ಆಮೇಲೆ ತಿಳಿನೀರು. ಒಬ್ಬಳು ಹೊಡೆಯಬೇಕು, ಒಬ್ಬಳು ಕೊಡ ಬದಲಿಸಬೇಕು, ಒಬ್ಬಳು ಒಳಗೆ ಹೊತ್ತು ಡ್ರಮ್ಮಿಗೆ ಸುರಿಯಬೇಕು. ನಾವು ಮೂವರು ಅಕ್ಕತಂಗಿಯರು. ದೇವರು ಲೆಕ್ಕ ಹಾಕಿಯೇ ಕೊಟ್ಟಿದ್ದಾನೆ ಎನ್ನುತ್ತಿದ್ದಳು ಅಮ್ಮ.

1983 ಮದ್ರಾಸಿಗೆ ನೀರಿನ ಬರ ಬಡಿದ ವರ್ಷ. ಹಿಂದಿನ ವರ್ಷದ ಮಳೆ ಕೈಕೊಟ್ಟು ಊರಿಗೆ ನೀರೂಡಿಸುವ ಕೆರೆಗಳು ತಳ ಕಂಡಿದ್ದವು. ಆ ಮೇ ತಿಂಗಳಲ್ಲಿ ಇಂದಿರಾ ಗಾಂಧಿ ಬಂದು, ಕೃಷ್ಣಾ ನೀರನ್ನು ಮದ್ರಾಸಿಗೆ ತರುವ ತೆಲುಗು ಗಂಗಾ ಯೋಜನೆಗೆ ಚಾಲನೆ ಕೊಟ್ಟರು. ಅವರ ಜೊತೆಗೆ ಎಂಜಿಆರ್ ಮತ್ತು ಎನ್‌ಟಿಆರ್, ಇಬ್ಬರು ಸಿನಿಮಾ ನಾಯಕರು, ಇಬ್ಬರೂ ಮುಖ್ಯಮಂತ್ರಿಗಳು. ಕೃಷ್ಣಾ ನೀರು ಮದ್ರಾಸಿನ ಕಡೆ ನಿಜವಾಗಿ ಹರಿದುಬಂದದ್ದು 1996ರಲ್ಲಿ. ಅಲ್ಲಿಯವರೆಗೆ ನಮ್ಮ ಪಂಪೇ ಗತಿ. ಆ ಪಂಪಿನ ಕಟ್ಟೆಯಲ್ಲೇ ನಮ್ಮ ವಾರವಾರದ ಸಿನಿಮಾ ತೀರ್ಪುಗಳು ಹೊರಬೀಳುತ್ತಿದ್ದವು.

ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ನಾವು ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆ ಯಜಮಾನಿ ಮಾಮಿ. ಅವರದು ಬಾಗಿಲು ಎಳೆದು ಮುಚ್ಚುವ ಮರದ ಪೆಟ್ಟಿಗೆಯ ಡಯನೋರಾ ಟಿವಿ, ಮದ್ರಾಸಿನಲ್ಲೇ ತಯಾರಾದದ್ದು. ಶುಕ್ರವಾರ ‘ಒಳಿಯುಂ ಒಲಿಯುಂ’, ಭಾನುವಾರ ಸಂಜೆ ತಮಿಳು ಸಿನಿಮಾ. ಕೇರಿಯ ಅರ್ಧ ಮಕ್ಕಳು ಆ ಹಾಲಿನ ರೆಡಾಕ್ಸೈಡ್ ನೆಲದ ಮೇಲೆ. ಚಿತ್ರ ನಡೆಯುವಾಗ ಯಾರಾದರೂ ಬಾಯಿಬಿಟ್ಟರೆ ಮಾಮಿ ಬೀಸಣಿಗೆಯ ತುದಿಯಿಂದ ತಲೆಗೆ ಮೊಟಕುತ್ತಿದ್ದರು. ಹೀಗಾಗಿ ಆಡಬೇಕಾದದ್ದೆಲ್ಲ ಮರುದಿನದ ಪಂಪಿಗೆ ಮೀಸಲು.

ದೊಡ್ಡಕ್ಕ ಆಗ ಮೌಂಟ್ ರೋಡಿನ ಒಂದು ಆಫೀಸಿನಲ್ಲಿ ಟೈಪಿಸ್ಟು. ಸಣ್ಣಕ್ಕ ಕಡಲ ದಂಡೆಯ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಬಿ.ಎ. ನಾನು ಟಿ ನಗರದ ಕರ್ನಾಟಕ ಸಂಘದ ಶಾಲೆಯಲ್ಲಿ ಎಂಟನೆಯ ಕ್ಲಾಸು. ದೊಡ್ಡಕ್ಕ ತ್ರಿವೇಣಿಯವರನ್ನು ಓದಿ ಬೆಳೆದವಳು. ಪುಟ್ಟಣ್ಣ ಕಣಗಾಲರ ‘ಶರಪಂಜರ’ವನ್ನು ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗ ನೋಡಿ ಬಂದು ಎರಡು ದಿನ ಮಾತಾಡದೆ ಇದ್ದಳಂತೆ. ಆಮೇಲೆ ಬಾಯಿಬಿಟ್ಟು ಆಡಿದ ಮೊದಲ ಮಾತು: "ಕಾವೇರಿಗೆ ಹುಚ್ಚು ಹಿಡೀಲಿಲ್ಲ, ಹಿಡಿಸಿದ್ರು." ಪಾತ್ರ ಮಾಡಿದ ತಪ್ಪು ಸರಿ ಅವಳಿಗೆ ಮುಖ್ಯ. ಸಣ್ಣಕ್ಕನದು ಬೇರೆ ದಾರಿ. ಅವಳು ಮುಖ ನೋಡುವವಳು. ಮಾತು ಏನಾದರೂ ಇರಲಿ, ಆ ಹೊತ್ತಿಗೆ ಕಣ್ಣು ಎತ್ತ ಹೋಯಿತು, ಕೈ ಏನು ಮಾಡುತ್ತಿತ್ತು, ಅದರ ಮೇಲೆ ಅವಳ ತೀರ್ಪು. ಕೆ. ಬಾಲಚಂದರ್ ಅವರ ‘ಅವಳ್ ಒರು ತೊಡರ್ ಕದೈ’ ನೋಡಿದ ವಾರ, ಇಡೀ ಸಂಸಾರ ಸಾಕುವ ಆ ಕವಿತಾಳನ್ನು ದೊಡ್ಡಕ್ಕ ಹೊಗಳಿದ್ದೂ ಹೊಗಳಿದ್ದೇ. ಸಣ್ಣಕ್ಕ ಮಾತ್ರ, "ಅವಳ ದುಡ್ಡಲ್ಲಿ ಉಣ್ಣೋರಿಗೆ ಎಷ್ಟು ನಾಚಿಕೆ ಆಗಿರ್ಬೇಡ, ಅದನ್ನ ಯಾರೂ ತೋರಿಸ್ಲಿಲ್ಲ" ಎಂದಿದ್ದಳು. ಆಗ ನನಗೆ ಅದು ಬರೀ ಸಿನಿಮಾದ ಮಾತಾಗಿ ಕೇಳಿಸಿತ್ತು.

ಆ ಬೇಸಿಗೆಯ ಒಂದು ಭಾನುವಾರ ‘ಅಂದ ನಾಳ್’ ಹಾಕುತ್ತಾರೆ ಎಂದು ಗೊತ್ತಾಯಿತು. ಟಿವಿ ಮುಂದೆ ಎಂದೂ ಕೂರದ ಅಪ್ಪ ಅಂದು ಶರ್ಟು ತೊಟ್ಟು ನಮಗಿಂತ ಮೊದಲೇ ಕೆಳಗಿಳಿದಿದ್ದರು. ಕಾರಣ ಪಂಡರಿಬಾಯಿ. "ನಮ್ಮ ಭಟ್ಕಳದವರು ಕಣ್ರೇ" ಎಂದು ಅಪ್ಪ ಮಾಮಿಗೂ ಕೇಳುವ ಹಾಗೆ ಹೇಳಿದರು. ಅವರ ಹೆಮ್ಮೆಗೆ ಕಾರಣವಿತ್ತು. 1952ರ ‘ಪರಾಶಕ್ತಿ’ಯಲ್ಲಿ ಶಿವಾಜಿ ಗಣೇಶನ್ ಮೊದಲ ಸಲ ತೆರೆಗೆ ಬಂದಾಗ ಜೋಡಿ ಪಂಡರಿಬಾಯಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಮೊದಲ ಸಲ ನಾಯಕನಾದಾಗ ಜೋಡಿ ಪಂಡರಿಬಾಯಿ. ಎರಡು ಭಾಷೆಗಳ ಎರಡು ದೊಡ್ಡ ನಟರ ಮೊದಲ ಹೆಜ್ಜೆಗೆ ಜೊತೆಯಾದವರು ಒಬ್ಬರೇ ಹೆಂಗಸು. ‘ಅಂದ ನಾಳ್’ ಬಿಡುಗಡೆಯಾದದ್ದು 1954ರ ಏಪ್ರಿಲ್‌ನಲ್ಲಿ, ತಮಿಳು ಹೊಸ ವರ್ಷಕ್ಕೆ. ‘ಬೇಡರ ಕಣ್ಣಪ್ಪ’ ಮರುತಿಂಗಳು. ಒಂದೇ ಬೇಸಿಗೆಯಲ್ಲಿ ಬೇಡನ ಹೆಂಡತಿ ನೀಲಾ ಆಗಿಯೂ, ಗಂಡನ ಎದೆಗೆ ಪಿಸ್ತೂಲು ಹಿಡಿಯುವ ಉಷಾ ಆಗಿಯೂ ಜನರ ಮುಂದೆ ನಿಂತ ನಟಿಯನ್ನು ನಾವು ಕನ್ನಡಿಗರು ‘ತಾಯಿ ಪಾತ್ರದ ಪಂಡರಿಬಾಯಿ’ ಎಂದಷ್ಟೇ ನೆನೆಯುತ್ತೇವಲ್ಲ, ಅದು ನನಗೆ ಇಂದಿಗೂ ನೋವಿನ ವಿಷಯ.

‘ಅಂದ ನಾಳ್’ ನೋಡದವರಿಗೆ ಎರಡು ಮಾತು. ನಿರ್ದೇಶಕರು ವೀಣೆಯ ವಿದ್ವಾಂಸರಾದ ಎಸ್. ಬಾಲಚಂದರ್, ತಯಾರಿಸಿದ್ದು ಎವಿಎಂ. ವೀಣೆಯವರ ಚಿತ್ರ, ಆದರೆ ಒಂದೇ ಒಂದು ಹಾಡಿಲ್ಲ, ಕುಣಿತವಿಲ್ಲ. ತಮಿಳಿನಲ್ಲಿ ಹಾಡಿಲ್ಲದ ಚಿತ್ರ ಅದೇ ಮೊದಲು. 1943ರ ಅಕ್ಟೋಬರ್‌ನಲ್ಲಿ ಜಪಾನಿನ ವಿಮಾನ ಮದ್ರಾಸಿನ ಮೇಲೆ ಬಾಂಬು ಹಾಕಿತ್ತಲ್ಲ, ಅದರ ಬೆನ್ನಿಗೆ ಕತೆ ಶುರುವಾಗುತ್ತದೆ, ಒಂದು ಗುಂಡಿನ ಸದ್ದಿನಿಂದ. ರೇಡಿಯೋ ತಂತ್ರಜ್ಞ ರಾಜನ್ ಹೆಣವಾಗಿ ಬಿದ್ದಿದ್ದಾನೆ. ಅದು ಶಿವಾಜಿ. ಕೊಂದವರು ಯಾರು? ಪಕ್ಕದ ಮನೆಯವನು, ತಮ್ಮ, ತಮ್ಮನ ಹೆಂಡತಿ, ಪ್ರೇಯಸಿ, ಹೆಂಡತಿ ಉಷಾ, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಕಣ್ಣಿಗೆ ಕಂಡ ರಾಜನ್‌ನ ಕತೆ ಹೇಳುತ್ತಾರೆ. ಕೇಳುವವನು ಸಿಐಡಿ ಅಧಿಕಾರಿ ಶಿವಾನಂದಂ. ಆ ಪಾತ್ರ ಮಾಡಿದ ಜಾವರ್ ಸೀತಾರಾಮನ್ ಅವರೇ ಕತೆ ಬರೆದವರು. ಕುರೊಸಾವಾರ ‘ರಾಶೊಮಾನ್’ ಇದಕ್ಕೆ ಪ್ರೇರಣೆ. ಕೊನೆಗೆ ತಿಳಿಯುವುದೇನೆಂದರೆ, ತನ್ನ ವಿದ್ಯೆಗೆ ಇಲ್ಲಿ ಬೆಲೆ ಸಿಗಲಿಲ್ಲವೆಂಬ ಸಿಟ್ಟಿನಲ್ಲಿ ರಾಜನ್ ದೇಶದ ಗುಟ್ಟುಗಳನ್ನು ಜಪಾನಿಗೆ ಮಾರುತ್ತಿದ್ದ. ಉಷಾ ಅದನ್ನು ಕಂಡುಹಿಡಿಯುತ್ತಾಳೆ.

ಗಂಡ ಹೆಂಡತಿ ಎದುರು ಬದುರು. ಅವಳು ಬೇಡಿಕೊಳ್ಳುತ್ತಾಳೆ, ಅವನು ಒಪ್ಪುವುದಿಲ್ಲ. ಪಿಸ್ತೂಲು ಅವಳ ಕೈಗೆ ಬಂತು. ಹಾಲಿನಲ್ಲಿ ಒಬ್ಬರೂ ಉಸಿರಾಡುತ್ತಿಲ್ಲ.

ಕರೆಂಟು ಹೋಯಿತು.

ಫ್ಯಾನು ನಿಧಾನವಾಗಿ ನಿಲ್ಲುವ ಸದ್ದು. ಟಿವಿಯ ನಟ್ಟನಡುವೆ ಒಂದು ಬಿಳಿ ಚುಕ್ಕೆ ಉಳಿದು ಅದೂ ಆರಿತು. ಇಡೀ ಬೀದಿ ಕತ್ತಲು. ಮಾಮಿ ಸೀಮೆಎಣ್ಣೆ ಬುಡ್ಡಿ ಹಚ್ಚಿದರು. ನಾವು ಟಿವಿಯ ಕಪ್ಪು ಗಾಜನ್ನೇ ನೋಡುತ್ತ ಕೂತೆವು. ಕರೆಂಟು ಮರಳಿ ಬರುವ ಹೊತ್ತಿಗೆ ಚಿತ್ರ ಮುಗಿದು ಬೇರೇನೋ ನಡೆಯುತ್ತಿತ್ತು.

ಮರುದಿನ ಜಾವದಲ್ಲಿ ಪಂಪಿನ ಹಿಡಿ ದೊಡ್ಡಕ್ಕನ ಕೈಯಲ್ಲಿತ್ತು.

"ಹೊಡೆದೇ ಇರ್ತಾಳೆ. ಅದರಲ್ಲಿ ಅನುಮಾನ ಏನಿದೆ?"

"ಹೊಡೆಯೋ ಮುಖ ಅಲ್ಲ ಕಣೇ ಅದು. ಹೆದರಿಸೋಕೆ ಹಿಡಿದಿದ್ದು. ಎಲ್ಲೋ ಕೈ ಜಾರಿರುತ್ತೆ" ಎಂದಳು ಸಣ್ಣಕ್ಕ.

"ಕೈ ಜಾರಿ ಆಯ್ತು ಅಂದ್ರೆ ಅವಳು ಮಾಡಿದ್ದು ಅಂತ ಏನು ಉಳೀತು? ಅಷ್ಟೊತ್ತು ನಿಂತು ಮಾತಾಡಿದ್ದೆಲ್ಲ ಯಾಕೆ ಹಾಗಾದ್ರೆ?"

"ಅವನ ಜೊತೆ ಬಾಳಿದೋಳು ಅಕ್ಕ. ನಿನ್ನೆ ತಾನೆ ಅವನಿಗೆ ಅನ್ನ ಬಡಿಸಿರ್ತಾಳೆ."

"ಅನ್ನ ಬಡಿಸಿದೋಳಿಗೇ ಗೊತ್ತಾಗೋದು ಅವನು ಎಂಥವನು ಅಂತ."

ನನಗಿದ್ದ ಚಿಂತೆ ಬೇರೆ: ಉಷಾಳನ್ನು ಗಲ್ಲಿಗೆ ಹಾಕುತ್ತಾರಾ? ಅದನ್ನು ಕೇಳಿದರೆ ಇಬ್ಬರೂ ಸೇರಿ, "ನೀನು ಕೊಡ ಎತ್ತು" ಎಂದರು.

ಕಂಡವರನ್ನು ಕೇಳಿದರೆ ಮುಗಿಯಿತಲ್ಲ ಎಂದು ಹೊಳೆದದ್ದು ನನಗೆ. ನಮ್ಮ ಬೀದಿಗೆ ಕರೆಂಟು ಹೋಗಿತ್ತು, ಊರಿಗೆಲ್ಲ ಅಲ್ಲವಲ್ಲ. ಸಣ್ಣಕ್ಕ ಬರೆದುಕೊಳ್ಳುವ ಕೆಲಸ ವಹಿಸಿಕೊಂಡಳು, ದಿನಕ್ಕೊಂದು ಹಾಳೆ ಹರಿಯುವ ತಮಿಳು ಕ್ಯಾಲೆಂಡರಿನ ಹಿಂಬದಿಯಲ್ಲಿ. ರಾಹುಕಾಲದ ಬೆನ್ನಿಗೆ ಸಾಕ್ಷಿಗಳ ಹೇಳಿಕೆ.

ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದವರು ಸೈದಾಪೇಟೆಯಿಂದ ಬರುತ್ತಿದ್ದರು. ಅಲ್ಲಿ ಕರೆಂಟು ಇತ್ತಂತೆ, ಪೂರ್ತಿ ನೋಡಿದ್ದಾರಂತೆ. ಅವರು ಶಿವಾಜಿಯ ಕಟ್ಟಾ ಭಕ್ತರು. ಕೆಂಡದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಹೆಂಗಸೊಬ್ಬಳು ನಡಿಗರ್ ತಿಲಕಂಗೆ ಗುಂಡು ಹೊಡೆಯುವುದು ಎಲ್ಲಾದರೂ ಉಂಟೇ, ಅವರೇ ಕಿತ್ತುಕೊಳ್ಳಲು ಹೋದಾಗ ಸಿಡಿಯಿತು ಎಂದು ಗಾಡಿಯ ಮೇಲೆ ಎರಡೂ ಕೈ ಆಡಿಸಿ ತೋರಿಸಿದರು. ಮೈಲಾಪುರದಿಂದ ಬರುತ್ತಿದ್ದ ನಮ್ಮ ಟೀಚರು, ಉಷಾ ದೇಶದ ಬಗ್ಗೆ ದೊಡ್ಡ ಮಾತಾಡಿ ಗುರಿಯಿಟ್ಟೇ ಹೊಡೆದಳು ಎಂದರು. ಸಂಜೆ ಮಲ್ಲಿಗೆ ಮಾರುತ್ತಿದ್ದ ಹೂವಮ್ಮ ಮೊಳ ಅಳೆಯುವ ಕೈಯನ್ನು ಹಾಗೇ ನಿಲ್ಲಿಸಿ, "ಪಾವಂ, ಆ ಹೆಣ್ಣು ಅಳ್ತಾನೇ ಇದ್ದಳು" ಎಂದಳೇ ಹೊರತು ಗುಂಡಿನ ಸುದ್ದಿಗೆ ಬರಲಿಲ್ಲ. ಅಪ್ಪನ ಆಫೀಸಿನವರೊಬ್ಬರು, ಹಾಡಿಲ್ಲದ ಸಿನಿಮಾ ಯಾರು ನೋಡುತ್ತಾರೆಂದು ಮಲಗಿಬಿಟ್ಟಿದ್ದರಂತೆ.

ಒಂದೇ ಚಿತ್ರ, ಒಂದೇ ಸಂಜೆ ನೋಡಿದ್ದು. ಸಿಐಡಿ ಶಿವಾನಂದಂಗೆ ಆದ ಹಾಗೆ ನಮಗೂ ಒಬ್ಬರ ಮಾತಿಗೆ ಒಬ್ಬರ ಮಾತು ಕೂಡಿಬರಲಿಲ್ಲ. ಇನ್ನುಳಿದವರು ಮಾಮಿ. ಅವರು ಅದನ್ನು 1954ರಲ್ಲೇ ಥಿಯೇಟರಿನಲ್ಲಿ ನೋಡಿದ್ದರು ಎಂಬುದು ಗೊತ್ತಾದದ್ದು ಬುಧವಾರ, ಅಪ್ಪಳ ಒಣಹಾಕುವಾಗ.

ಮಾಮಿ ಶುರುಮಾಡಿದ್ದು ಸಿನಿಮಾದಿಂದ ಅಲ್ಲ, 1942ರಿಂದ. ಆಗ ಅವರು ನನ್ನಷ್ಟೇ ದೊಡ್ಡ ಹುಡುಗಿ. ಜಪಾನಿನವರು ಬರುತ್ತಾರೆಂಬ ಸುದ್ದಿ ಹಬ್ಬಿ ಆ ಏಪ್ರಿಲ್‌ನಲ್ಲಿ ಮದ್ರಾಸು ಖಾಲಿಯಾಗತೊಡಗಿತು. ಮಾಮಿಯ ಅಪ್ಪ ಸಂಸಾರವನ್ನೆಲ್ಲ ಕುಂಭಕೋಣದ ರೈಲಿಗೆ ಹತ್ತಿಸಿದರಂತೆ. ರೈಲಿನಲ್ಲಿ ಕಾಲಿಡಲು ಜಾಗವಿಲ್ಲ, ಅಜ್ಜಿಯ ಮಡಿಲಲ್ಲಿ ದೇವರ ಪೆಟ್ಟಿಗೆ. ಬಾಂಬು ಬಿದ್ದು ಬೋನು ಒಡೆದರೆ ಮೃಗಗಳು ಊರಿಗೆ ನುಗ್ಗಿಯಾವೆಂದು ಮೃಗಾಲಯದ ಹುಲಿ ಸಿಂಹಗಳನ್ನು ಪೊಲೀಸರು ಗುಂಡಿಟ್ಟು ಕೊಂದದ್ದು ಆಗಲೇ. ನಮ್ಮ ಅಪ್ಪ ದಿನವೂ ಇಳಿಯುತ್ತಿದ್ದ ಪಾರ್ಕ್ ಟೌನಿನಲ್ಲೇ ಆ ಮೃಗಾಲಯವಿತ್ತು. ಅದು ನನಗೆ ಅಂದೇ ತಿಳಿದದ್ದು.

"ಹನ್ನೆರಡು ವರ್ಷ ಆದ್ಮೇಲೆ ಸಿನಿಮಾಕ್ಕೆ ಹೋದೆ" ಎಂದರು ಮಾಮಿ. ಅವರದು ತಮಿಳು, ನಮ್ಮದು ಅರ್ಧ ಕನ್ನಡ, ಅದು ಹಾಗೇ ನಡೆಯುತ್ತಿತ್ತು. ಸುತ್ತ ಕೂತವರು ಹಾಡು ಯಾವಾಗ ಬರುತ್ತದೆಂದು ಗೊಣಗುತ್ತಿದ್ದರಂತೆ. ಮಾಮಿಗೆ ಹಾಡು ಬೇಕಿರಲಿಲ್ಲ. ತಾವು ಪೆಟ್ಟಿಗೆ ಕಟ್ಟಿಕೊಂಡು ಓಡಿದ ಊರನ್ನು ತೆರೆಯ ಮೇಲೆ ನೋಡುತ್ತ ಕೂತಿದ್ದರು.

"ಕೊನೇಲಿ ಏನಾಯ್ತು ಮಾಮಿ? ಹೊಡೆದಳಾ?"

"ಅವಳು ಪಿಸ್ತೂಲು ಹಿಡಿದಳು ನೋಡು, ನಾನು ಕಣ್ಣು ಮುಚ್ಕೊಂಡೆ."

ಸಣ್ಣಕ್ಕ ಅದನ್ನೂ ಬರೆದುಕೊಂಡಳು.

ಶುಕ್ರವಾರದ ಜಾವ. ನೀರು ಸಣ್ಣಗೆ ಬರುತ್ತಿತ್ತು, ಪಂಪು ಕಚ್ಚುತ್ತಿರಲಿಲ್ಲ. ಮತ್ತೆ ಅದೇ ಮಾತು ಎದ್ದಿತು. ದೊಡ್ಡಕ್ಕ, "ಗೊತ್ತಿದ್ದೂ ಸುಮ್ಮನಿರೋಳಾಗಿದ್ರೆ ಉಷಾನೂ ಅವನ ಪಾಲುದಾರಳೇ" ಎಂದಳು. ಸಣ್ಣಕ್ಕ ಕೈಯಲ್ಲಿದ್ದ ಕೊಡವನ್ನು ಕುಕ್ಕಿದಳು.

"ಉಷಾಗೆ ಒಂದನೇ ತಾರೀಕು ಸಂಬಳ ಬೇಕಾಗಿರ್ಲಿಲ್ಲ ಕಣೇ ಅಕ್ಕ!"

ನನಗೆ ಏನೂ ಅರ್ಥವಾಗಲಿಲ್ಲ. ಉಷಾ ಯಾವ ಕೆಲಸಕ್ಕೂ ಹೋಗುತ್ತಿರಲಿಲ್ಲವಲ್ಲ. ದೊಡ್ಡಕ್ಕ ಹಿಡಿ ಬಿಟ್ಟಳು. ಸಣ್ಣಕ್ಕ ಅಳುತ್ತಿದ್ದಳು. ಮೇಲೆ ಅಮ್ಮನಿಗೆ ಕೇಳಿಸಬಾರದೆಂದು ಬಾಯಿಗೆ ದಾವಣಿ ಒತ್ತಿಕೊಂಡು.

ವಿಷಯ ಇಷ್ಟು. ದೊಡ್ಡಕ್ಕನ ಆಫೀಸಿನಲ್ಲಿ ಆಗದ ಖರ್ಚಿಗೆ ಹಳೆಯ ತಾರೀಕು ಹಾಕಿ ವೋಚರುಗಳನ್ನು ಮಾಡಿಸುತ್ತಿದ್ದರು. ಟೈಪು ಮಾಡುತ್ತಿದ್ದವಳು ದೊಡ್ಡಕ್ಕ. ಮೊದಮೊದಲು ತಿಳಿಯಲಿಲ್ಲ, ಒಂದೇ ಅಂಗಡಿಯ ಹೆಸರು ಮತ್ತೆ ಮತ್ತೆ ಬಂದಾಗ ತಿಳಿಯಿತು. ಮೇಲಿನ ಆಫೀಸಿಗೆ ಬರೆಯುವುದೋ ಬೇಡವೋ ಎಂದು ಅವಳು ಆ ಬೇಸಿಗೆಯಿಡೀ ಒಳಗೊಳಗೆ ಬೇಯುತ್ತಿದ್ದಳು. ಸಣ್ಣಕ್ಕನಿಗೊಬ್ಬಳಿಗೇ ಹೇಳಿದ್ದಳು. ಸಣ್ಣಕ್ಕನ ಕಾಲೇಜು ಫೀಸು ದೊಡ್ಡಕ್ಕನ ಸಂಬಳದಿಂದಲೇ ಹೋಗುತ್ತಿತ್ತು. ‘ಅವಳ್ ಒರು ತೊಡರ್ ಕದೈ’ ನೋಡಿ ಸಣ್ಣಕ್ಕ ಆಡಿದ ಮಾತು ನನಗೆ ಆಗ ತಿಳಿಯಿತು.

"ಗೊತ್ತಾಗ್ಲಿಲ್ಲ, ಕೊಟ್ಟಿದ್ದನ್ನ ಟೈಪ್ ಮಾಡಿದೆ ಅಂದ್ಬಿಡು ಅಕ್ಕ. ನಿನ್ನನ್ನ ಯಾರೂ ಏನೂ ಕೇಳಲ್ಲ."

"ಕೈ ಜಾರಿತು ಅಂತಾನಾ?" ಎಂದಳು ದೊಡ್ಡಕ್ಕ. ಗಟ್ಟಿಯಾಗಿ ಅಲ್ಲ. ತಂಗಿಯ ಹೆಗಲ ಮೇಲೆ ಕೈಯಿಟ್ಟೇ ಕೇಳಿದಳು.

ನೀರು ಬಂತು. ಮೂವರೂ ಕೆಲಸ ಮುಗಿಸಿದೆವು. ಸಣ್ಣಕ್ಕ ಹೇಳಿದ್ದರಲ್ಲಿ ಹೇಡಿತನ ಇರಲಿಲ್ಲ, ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಲೇಬೇಕು. ಅಪ್ಪನ ರಿಟೈರ್‌ಮೆಂಟು ಹತ್ತಿರವಿತ್ತು, ಮನೆಯಲ್ಲಿ ಇನ್ನೊಂದು ಸಂಬಳವಿರಲಿಲ್ಲ. ಅಕ್ಕನನ್ನು ಉಳಿಸಿಕೊಳ್ಳಲು ಅವಳಿಗೆ ಕಂಡ ದಾರಿ ಅದೊಂದೇ. ಮನೆಯ ಕಷ್ಟವನ್ನು ಎದುರೆದುರು ಆಡಲಾಗದೆ ಒಂದು ವಾರ ಇಬ್ಬರೂ ಉಷಾಳ ಹೆಸರಿನಲ್ಲಿ ಆಡಿದ್ದರು. ಸಿನಿಮಾ ಮಾತು ಬರೀ ಹರಟೆ ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಶನಿವಾರ ಮಧ್ಯಾಹ್ನ ದೊಡ್ಡಕ್ಕ ಕಾಗದ ಬರೆದಳು, ಟೈಪು ಮಾಡದೆ ಕೈಬರಹದಲ್ಲಿ. ತಪ್ಪುಗಳಿವೆಯೇ ಎಂದು ಓದಿ ನೋಡಿದವಳು ಸಣ್ಣಕ್ಕ. ಎರಡು ಕಡೆ ತಿದ್ದಿದಳು. ಒಂದು ವಾಕ್ಯದಲ್ಲಿ ದೊಡ್ಡಕ್ಕ ‘ನನಗೆ ಅನುಮಾನವಿದೆ’ ಎಂದು ಬರೆದಿದ್ದಳು. ಅದನ್ನು ಹೊಡೆದು ‘ನಾನು ನೋಡಿದ್ದೇನೆ’ ಎಂದು ಮಾಡಿದವಳು ಕೂಡ ಸಣ್ಣಕ್ಕನೇ. ಪಾಂಡಿ ಬಜಾರಿಗೆ ಹೋಗುವ ದಾರಿಯ ಅಂಚೆ ಡಬ್ಬಕ್ಕೆ ಹಾಕಿ ಬಂದವಳು ನಾನು.

ಆಮೇಲಿನದನ್ನು ಬೇಗ ಹೇಳಿಬಿಡುತ್ತೇನೆ. ವಿಚಾರಣೆ ನಡೆಯಿತು, ವೋಚರುಗಳು ನಿಂತವು. ದೊಡ್ಡಕ್ಕನ ಕೆಲಸ ಹೋಗಲಿಲ್ಲ; ಅವಳನ್ನು ಊರಾಚೆಯ ಒಂದು ಶಾಖೆಗೆ ಹಾಕಿದರು. ಎರಡು ಬಸ್ಸು ಬದಲಿಸಿ ಹೋಗಿಬರಬೇಕು. ಹಳೆಯ ಆಫೀಸಿನವರು ಬೀದಿಯಲ್ಲಿ ಸಿಕ್ಕರೂ ಮಾತಾಡಿಸುತ್ತಿರಲಿಲ್ಲ. ಸಣ್ಣಕ್ಕ ಬಿ.ಎ. ಮುಗಿಸಿ ಶಾಲೆಯೊಂದಕ್ಕೆ ಸೇರಿ, ಮೊದಲ ಸಂಬಳದಲ್ಲಿ ಅಕ್ಕನಿಗೆ ತ್ರಿವೇಣಿಯವರ ಕಾದಂಬರಿಗಳನ್ನು ಬೆಂಗಳೂರಿನಿಂದ ತರಿಸಿಕೊಟ್ಟಳು.

ಪಂಡರಿಬಾಯಿ ಮುಂದೆಯೂ ನಮ್ಮ ಜೊತೆಗಿದ್ದರು. ರಾಜ್‌ಕುಮಾರರ ‘ಅನುರಾಗ ಅರಳಿತು’ ತಮಿಳಿಗೆ ರಜನೀಕಾಂತರ ‘ಮನ್ನನ್’ ಆಗಿ ಹೋದಾಗ ಎರಡರಲ್ಲೂ ತಾಯಿ ಅವರೇ. ‘ಮನ್ನನ್’ ನೋಡಿ ಬಂದ ರಾತ್ರಿ ದೊಡ್ಡಕ್ಕ, "ಉಷಾಗೆ ವಯಸ್ಸಾಗಿದೆ" ಎಂದಳು. 2003ರ ಜನವರಿಯಲ್ಲಿ ಅವರು ಚೆನ್ನೈಯಲ್ಲೇ ತೀರಿಕೊಂಡರು. ಅಂದು ಮೂವರೂ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದೆವು. ಆ ಹೊತ್ತಿಗೂ ನಮ್ಮಲ್ಲಿ ಒಬ್ಬರೂ ಆ ಚಿತ್ರದ ಕೊನೆ ನೋಡಿರಲಿಲ್ಲ.

ಹಳೆಯ ತಮಿಳು ಚಿತ್ರಗಳ ಅಗ್ಗದ ಡಿವಿಡಿಗಳು ಬರತೊಡಗಿದಾಗ ನಾನೊಂದು ‘ಅಂದ ನಾಳ್’ ಕೊಂಡೆ. ಕೊಂಡು, ನೋಡದೆ ಇಟ್ಟುಕೊಂಡಿದ್ದೆ. ದೊಡ್ಡಕ್ಕ ಮೈಸೂರಿನಿಂದ ಬಂದಾಗ ಸಣ್ಣಕ್ಕನ ನಂಗನಲ್ಲೂರಿನ ಮನೆಯಲ್ಲಿ ಮೂವರೂ ಕೂತು ಹಾಕಿದೆವು. ಆ ಜಾಗ ಬಂತು. ಪಿಸ್ತೂಲು ಅವಳ ಕೈಗೆ ಬಂತು. ಕರೆಂಟು ಹೋಗಲಿಲ್ಲ.

ಏನಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳಿದ್ದೇ ನೋಡದವರಿಗೆ ಅನ್ಯಾಯ. ಆ ಕೊನೆಯ ನಿಮಿಷವಾದರೂ ನಿಮ್ಮ ಪಾಲಿಗಿರಲಿ. ನಾವು ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆವು. ದೊಡ್ಡಕ್ಕ ಬೆರಳನ್ನು ನೋಡುತ್ತಿದ್ದಳು, ಸಣ್ಣಕ್ಕ ಮುಖವನ್ನು.

"ನೋಡು, ನಾನು ಹೇಳಿರ್ಲಿಲ್ವಾ" ಎಂದು ಇಬ್ಬರೂ ಒಟ್ಟಿಗೇ ಅಂದರು.

ಈಗ ಮೂವರೂ ಮೂರು ಊರಿನಲ್ಲಿ. ಭಾನುವಾರ ಒಂದೇ ಹೊತ್ತಿಗೆ ಒಂದೇ ಚಿತ್ರ ಹಾಕಿಕೊಂಡು, ಮುಗಿದ ಮೇಲೆ ಫೋನು ಹಚ್ಚುತ್ತೇವೆ. ಕಳೆದ ವಾರ ‘ಶರಪಂಜರ’ ಆಯಿತು. ಕಾವೇರಿಗೆ ಹುಚ್ಚು ಹಿಡಿಸಿದರು ಎಂದು ದೊಡ್ಡಕ್ಕ ಮತ್ತೆ ಶುರುಮಾಡಿದಳು. ಸಣ್ಣಕ್ಕ ಸುಮ್ಮನೆ ಕೇಳಿಸಿಕೊಂಡು, "ಅದು ಸರಿ ಅಕ್ಕ, ಆ ಗಂಡನ ಮುಖ ಒಂದ್ಸಲ ಸರಿಯಾಗಿ ನೋಡಿದೀಯಾ?" ಎಂದಳು. ದೊಡ್ಡಕ್ಕ ನೋಡಿಲ್ಲವಂತೆ. ಈ ಭಾನುವಾರ ಇನ್ನೊಂದು ಸಲ ‘ಶರಪಂಜರ’ವೇ.